ಹೊಗೆ ಸುಡುವ ಒಲೆ

ಒಲೆತಾತನ ಮುತ್ತಜ್ಜ ಕಟ್ಟಿದ ಒಲೆಯಲ್ಲಿ ನೆನೆದ ಕಟ್ಟಿಗೆಯೂ ನಾಚಿಕೊಂಡು ಉರಿಯುತ್ತಿತ್ತಂತೆ. ಅಜ್ಜ ಊದುಗೊಳವೆ ಬಾಯಿಗಿಟ್ಟರೆ ಪಕ್ಕದ ಮನೆಯ ಒಲೆಯೂ ಹೊತ್ತಿಕೊಳ್ಳುತ್ತಿತ್ತಂತೆ! ಅಪ್ಪನೋ, ಊರಿನ ಹೊಗೆಗೂಡುಗಳ ಗಂಟಲನ್ನೆಲ್ಲ ಅಗಲ ಮಾಡಿದ ಮಹಾಪುರುಷ. ಕಿಂಡಿ ದೊಡ್ಡದಾದಷ್ಟೂ ಹೊಗೆ ಓಡುತ್ತದೆ ಎಂಬುದೇ ಆ ವಂಶದ ವೇದ.

ಅಂಥ ಮನೆಗೆ ತಾತನ ಹೆಂಡತಿ, ಅಜ್ಜಿ, ಅಂಗಡಿಯಿಂದ ಕಬ್ಬಿಣದ ಒಲೆ ತರಿಸಿದಳು! ತಾತನ ಒಲೆಯ ಹೊಗೆಗೆ ಉಬ್ಬಸ ಹತ್ತಿ ತಂಗಿಯ ಮನೆ ಸೇರಿದ್ದವಳು, ಹೊಸ ಒಲೆಯ ಜೊತೆಗೇ ಹಿಂತಿರುಗಿದ್ದಳು.

"ಇದರೊಳಗೆ ಜೇನುಗೂಡಿನಂಥ ಬಿಲ್ಲೆ ಇದೆ. ಅದಕ್ಕೆ ಏನೋ ಬೆಲೆಬಾಳೋ ಲೋಹ ಸವರಿದಾರೆ. ಒಲೆ ಚೆನ್ನಾಗಿ ಕಾದ ಮೇಲೆ ಈ ಹಿಡಿ ಎಳೆದರೆ, ಹೊಗೆ ಆ ತೂತುಗಳಲ್ಲಿ ಹಾದು ಅಲ್ಲೇ ಉರಿದುಹೋಗುತ್ತೆ. ಬಿಲ್ಲೆ ಮಾತ್ರ ಮುಟ್ಟಬೇಡಿ. ಇನ್ನೊಂದ್ಸಲ ಮನೇಲಿ ಹೊಗೆ ತುಂಬಿದರೆ ತಂಗಿ ಮನೆಗೆ ಹೋದವಳು ಬರೋದೇ ಇಲ್ಲ!"

"ಹೊಗೆ ಉರಿಯುತ್ತಾ?" ತಾತ ಸಿಡಿದ. "ಉರಿದು ಮಿಕ್ಕಿದ್ದೇ ಹೊಗೆ ಕಣೇ! ನನಗೇ ಒಲೆ ಪಾಠ ಹೇಳ್ತೀಯಾ?"

ಅವಳು ಸಂತೆಗೆ ಹೋದದ್ದೇ ತಡ, ಬಿಲ್ಲೆ ಹೊರಬಂತು. ಸೊಳ್ಳೆಯೂ ನುಸುಳಲಾರದ ತೂತುಗಳು! ತಾತನ ಮೈಯೆಲ್ಲ ಉರಿದುಹೋಯಿತು. ದಪ್ಪ ಮೊಳೆ ಹಿಡಿದು ಎರಡು ತೂತು ಸೇರಿಸಿ ಒಂದು ಮಾಡಿದ, ನಾಲ್ಕು ಸೇರಿಸಿ ಒಂದು ಮಾಡಿದ. ಬಿಲ್ಲೆ ರಸ್ಕಿನಂತೆ ಪುಡಿಪುಡಿಯಾಯಿತು. ಉಳಿದದ್ದನ್ನು ಪುಡಿಸಮೇತ ಒಲೆಯೊಳಗೆ ತುರುಕಿ, ಸಂಜೆ ಬೆಂಕಿ ಹಾಕಿ, ಅಜ್ಜಿಯ ಎದುರಿಗೇ ಪಟ್ಟಾಭಿಷೇಕದ ಗತ್ತಿನಲ್ಲಿ ಹಿಡಿ ಎಳೆದ.

ದಾರಿ ಕಟ್ಟಿಕೊಂಡ ಹೊಗೆ ಒಲೆಯ ಬಾಯಿಂದಲೇ ದಂಡೆತ್ತಿ ಬಂತು!

"ಏನ್ ಮಾಡಿದ್ರಿ?" ಅಜ್ಜಿ ಕೆಮ್ಮುತ್ತಲೇ ಕೂಗಿದಳು.

"ತೂತು ಸ್ವಲ್ಪ ದೊಡ್ಡದು ಮಾಡಿದೆ, ಅಷ್ಟೇ!"

"ಅಯ್ಯೋ, ಆ ತೂತುಗಳ ಸಣ್ಣ ಗೋಡೆಗಳಿಗೆ ಮೈ ತಾಗಿದರೇನೇ ಹೊಗೆ ಉರಿಯೋದು! ಗೋಡೇನೇ ಕೆಡವಿದ್ರಲ್ಲ!"

"ಮೊದಲೇ ಹೇಳೋಕೆ ನಿನಗೇನಾಗಿತ್ತು?"

"ಮುಟ್ಟಬೇಡಿ ಅಂದೆನಲ್ಲ, ಅದೇನು ಹಕ್ಕಿ ಭಾಷೇನಾ?"

ಅಜ್ಜಿ ಶಾಲು ಹೊದ್ದು ದಡದಡನೆ ಹೊರಟೇಹೋದಳು. "ಹೋಗು, ಹೋಗು!" ಎಂದು ತಾತ ಅರಚಿದ್ದು ಅವಳಿಗೋ ಹೊಗೆಗೋ, ಎರಡರಲ್ಲಿ ಒಂದು ಮಾತ್ರ ಹೋಯಿತು.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಾಕೆ ಬಾಗಿಲು ನೂಕಿದಳು. "ತಾತಾ, ಅಜ್ಜಿ ನಮ್ಮನೇಲಿದಾರೆ. ಬೆಳಗ್ಗೆ ತಂಗಿ ಮನೆಗಂತೆ. ಅಯ್ಯೋ, ಅಳ್ತಿದೀರಾ? ನಮ್ಮವರನ್ನ ಕಳಿಸ್ಲಾ? ಒಲೆ ಆರಿಸಿಕೊಡ್ತಾರೆ."

ಮಸಿ ಮೆತ್ತಿದ ಮುಖ ಎತ್ತಿ ತಾತ ಗುಡುಗಿದ:

"ಯಾರೂ ಬೇಡ! ಒಲೆ ಕಟ್ಟೋ ವಂಶ ನಮ್ಮದು! ಅಳೋಕೆ ನನಗೇನು ಬಂದಿದೆ, ಹೊಗೆ ಅದು! ಬಾಗಿಲು ಹಾಕ್ಕೊಂಡು ಹೋಗಮ್ಮ ನೀನು... ಏಯ್, ತಡಿ, ತಡಿ! ಬಾಗಿಲು ತೆಗೆದೇ ಇರಲಿ. ಅವಳು ಬಂದರೆ... ಅಲ್ಲ, ಹೊಗೆ, ಹೊಗೆ ಹೋಗಬೇಕಲ್ಲ, ಅದಕ್ಕೆ!"