ಭೋರೆನ್ನುವ ಸ್ಟೋವಿನ ಮರೆಯಲ್ಲಿ

ಗಂಡ ಹೆಂಡತಿಗೆ ಪ್ರೀತಿಗಿಂತ ಮೊದಲು ಬೇಕಾದದ್ದು ಮಾತಾಡಲು ಒಂದಿಷ್ಟು ಜಾಗ. ಇದನ್ನು ನಾನು ಕಲಿತದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ರಾಯಚೂರಿನ ನಮ್ಮ ಎರಡು ಕೋಣೆಯ ಮನೆಯಲ್ಲಿ. ಅವ್ವ, ಅಣ್ಣ, ಅತ್ತಿಗೆ, ಅವರ ಮಕ್ಕಳು, ಸಾಲದ್ದಕ್ಕೆ ಹೊಸದಾಗಿ ಮದುವೆಯಾದ ನಾನು ಮತ್ತು ಸುಶೀಲಾ. ದಿನಾ ಬಸ್ಸಿನಲ್ಲಿ ಮಾನ್ವಿಗೆ ಹೋಗಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದೆ. ಘನವಸ್ತುವಿನ ಕಣಗಳು ನಿಂತಲ್ಲೇ ನಡುಗುತ್ತವೆ, ದ್ರವದವು ಒಂದರ ಪಕ್ಕ ಒಂದು ಜಾರುತ್ತವೆ, ಅನಿಲದವು ಸಿಕ್ಕ ಕಡೆಗೆ ಓಡಿ ಗೋಡೆಗೆ ಗುದ್ದುತ್ತವೆ. ಮುಚ್ಚಿದ ಪಾತ್ರೆಯನ್ನು ಕಾಯಿಸಿದರೆ ಗುದ್ದು ಜೋರಾಗುತ್ತದೆ, ಅದೇ ಒತ್ತಡ, ಎಂದು ಬೋರ್ಡಿನ ಮೇಲೆ ಚುಕ್ಕೆ ಇಟ್ಟು ತೋರಿಸುತ್ತಿದ್ದೆ. ಬಿಸಿಲಲ್ಲಿ ಬೆಂದು ಮನೆಗೆ ಬಂದರೆ ಆ ಚುಕ್ಕೆಗಳೆಲ್ಲ ನಮ್ಮವರ ಮುಖ ಹೊತ್ತು ಓಡಾಡುತ್ತಿದ್ದವು. ಹೆಂಡತಿಯನ್ನು ಊಟವಾಯಿತೇ ಎಂದು ಕೇಳಿದರೂ ನಾಲ್ಕು ಕಡೆಯಿಂದ ಉತ್ತರ ಬರುತ್ತಿತ್ತು.

ನಮ್ಮನ್ನು ಕಾಪಾಡಿದ್ದು ಪಂಪ್ ಸ್ಟೋವ್. ಅಡುಗೆಯೆಲ್ಲ ಕಟ್ಟಿಗೆ ಒಲೆಯ ಮೇಲೆ, ಚಹಾಕ್ಕೆ ಮಾತ್ರ ಸ್ಟೋವ್. ನಾನು ಬಂದು ಕೈಕಾಲು ತೊಳೆಯುವುದೇ ತಡ, ಹೊರಕೋಣೆಯಿಂದ ಅವ್ವ ಕೂಗುತ್ತಿದ್ದಳು: "ಸುಶೀಲವ್ವಾ, ಸ್ಟೋವ್ ಹಚ್ಚವ್ವಾ, ನನಗೊಂದೀಟು ಚಾ ಬೇಕು." ಟಾಕಿಗೆ ಗಾಳಿ ಒತ್ತಿದರೆ ಸೀಮೆಎಣ್ಣೆ ಮೇಲೇರುತ್ತದೆ, ಕಾದ ಬರ್ನರಿನಲ್ಲಿ ಆವಿಯಾಗಿ, ಸೂಜಿಮೊನೆಯಷ್ಟು ತೂತಿನಿಂದ ನುಗ್ಗಿ, ಭೋರೆಂದು ಉರಿಯುತ್ತದೆ. ಆ ಸದ್ದಿನಲ್ಲಿ ಪಕ್ಕದಲ್ಲಿ ಕುಳಿತವರ ಹೊರತು ಯಾರಿಗೂ ಏನೂ ಕೇಳಿಸುವುದಿಲ್ಲ. ಪಂಪು ಹೊಡೆಯುವ ನೆಪದಲ್ಲಿ ನಾನು ಸುಶೀಲಾಳ ಪಕ್ಕ ಕೂರುತ್ತಿದ್ದೆ. ಮಾತು ಗುಟ್ಟಿನದಾದಷ್ಟೂ ಪಂಪು ಹೆಚ್ಚು. ಮೈದುನ ಮನೆಗೆಲಸಕ್ಕೆ ಬಲು ಒಳ್ಳೆಯವನೆಂದು ಅತ್ತಿಗೆ ಓಣಿಯಲ್ಲೆಲ್ಲ ಹೊಗಳಿದ್ದಳು. ಅವ್ವನ ಚಹಾ ಮಾತ್ರ ಲೋಟದಲ್ಲೇ ಆರಿ ಕೆನೆಗಟ್ಟುತ್ತಿತ್ತು. ಅವಳಿಗೆ ತಣ್ಣಗಿನದೇ ಸೇರುತ್ತದೆ ಎಂದುಕೊಂಡಿದ್ದೆ.

ಹೀಗಿರುವಾಗ ನನಗೆ ದೇವದುರ್ಗಕ್ಕೆ ವರ್ಗವಾಯಿತು. ದಿನಾ ಹೋಗಿಬರುವುದು ಆಗದ ಮಾತು. ಸುಶೀಲಾಳನ್ನು ಕರೆದೊಯ್ದು ಬೇರೆ ಮನೆ ಮಾಡಿದರೆ ಅವ್ವ ನೊಂದಾಳು, ಬಿಟ್ಟುಹೋದರೆ ಇವಳು ನೊಂದಾಳು. ಸ್ಟೋವಿನ ಮುಂದೆ ದಿನವೂ ಇದೇ ಚರ್ಚೆ. ಒಂದು ಸಂಜೆ ಇವಳು ದನಿ ಏರಿಸಿದಳು, ನಾನು ಪಂಪು ಏರಿಸಿದೆ. ತೂತಿಗೆ ಕಸ ಸಿಕ್ಕಿತೋ ಏನೋ, ಸ್ಟೋವ್ ಫಕ್ಕನೆ ಆರಿಹೋಯಿತು. "ನಾ ಇಲ್ಲಿ ಒಬ್ಬಾಕಿ ಇರಂಗಿಲ್ರೀ, ಅತ್ತಿಯವರಿಗಿ ನೀವಾ ಹೇಳ್ರಿ!" ಎಂಬ ಮಾತು ಇಡೀ ಮನೆಗೆ ಕೇಳಿಸಿತು. ಗಲಾಟೆ ಮಾಡುತ್ತಿದ್ದ ಮಕ್ಕಳೂ ಬಾಗಿಲಿಗೆ ಬಂದು ಇಣುಕಿದರು. ನಾನಂತೂ ಅಪ್ಪಟ ಘನವಸ್ತುವಾಗಿ, ಕೂತಲ್ಲೇ ನಡುಗಿದೆ. ಹೊರಗೆ ಜೋಳ ಹಸನು ಮಾಡುತ್ತಿದ್ದ ಅವ್ವ ಕೈಯಲ್ಲಿಯ ಮೊರ ಕೆಳಗಿಡದೆ ಹೇಳಿದಳು: "ಹೇಳಾದೇನದ ಅದರಾಗ? ಇಬ್ರೂ ಹೋಗ್ರಿ. ಆ ಸ್ಟೋವೂ ಒಯ್ರಿ."

ದೇವದುರ್ಗದಲ್ಲಿ ಇಡೀ ಮನೆ ನಮ್ಮದೇ. ಆದರೂ ಮಾತಾಡುವುದಿದ್ದರೆ ಸ್ಟೋವ್ ಹಚ್ಚುವ ಚಾಳಿ ಬಿಡಲಿಲ್ಲ. ಅದನ್ನು ಆರಿಸಿದ ಮೇಲೂ ಅದೇ ಎತ್ತರದ ದನಿ ಉಳಿದುಬಿಡುತ್ತಿತ್ತು. ಪಕ್ಕದ ಮನೆಯಾಕೆ ಒಂದು ದಿನ, "ಮಾಸ್ತರ, ನಿಮ್ಮ ಮಾವನೋರ ಮೊಣಕಾಲು ಈಗ ಹೆಂಗದರೀ?" ಎಂದು ಕೇಳಿದಾಗಲೇ ನಮ್ಮ ಗುಟ್ಟುಗಳು ಎಲ್ಲಿಯವರೆಗೆ ಹರಡಿವೆ ಎಂದು ತಿಳಿದದ್ದು.

ಕೆಲವು ತಿಂಗಳ ಮೇಲೆ ಒಬ್ಬನೇ ರಾಯಚೂರಿಗೆ ಹೋಗಿದ್ದೆ. ಅಲ್ಲಿ ಈಗ ಬತ್ತಿ ಸ್ಟೋವ್ ಬಂದಿತ್ತು. ಅದು ಸದ್ದೇ ಇಲ್ಲದೆ ಉರಿಯುತ್ತಿತ್ತು. ನಾನೇ ಚಹಾ ಮಾಡಿ ಅವ್ವನ ಮುಂದಿಟ್ಟೆ. ಅವಳು ಲೋಟ ಪಕ್ಕಕ್ಕೆ ಸರಿಸಿದಳು.

"ನನಗ ಚಾ ಎಲ್ಲಿ ಆಗಿಬರ್ತದಪ್ಪಾ? ಕುಡದ್ರ ಪಿತ್ತ ಆಗತದ. ನಾ ಕುಡದದ್ದು ಯಾವತ್ತಾರ ನೋಡೀಯೇನು?"

"ಮತ್ತ ದಿನಾ ಸ್ಟೋವ್ ಯಾಕ ಹಚ್ಚಸ್ತಿದ್ದಿ?"

ಅವ್ವ ನಕ್ಕು, ಮೊರ ಎಳೆದುಕೊಂಡು ಕೂತಳು. ಅವಳು ಸರಿಸಿಟ್ಟ ಚಹಾವನ್ನು ನಾನೇ ಕುಡಿದೆ.

ದೇವದುರ್ಗಕ್ಕೆ ಮರಳಿದವನು ಚೀಲ ಕೆಳಗಿಡುತ್ತಲೇ "ಸ್ಟೋವ್ ಹಚ್ಚು" ಎಂದೆ. "ಚಾ ಬೇಕೇನ್ರಿ?" ಎಂದಳು ಸುಶೀಲಾ. "ಚಾ ಬ್ಯಾಡ" ಎಂದೆ. ಅವಳು ಹಚ್ಚಿದಳು, ನಾನು ಪಂಪು ಹೊಡೆದೆ. ಅದು ಅಷ್ಟು ಭೋರೆನ್ನುತ್ತಿದ್ದರೂ, ಅವ್ವನ ವಿಷಯ ಹೇಳಲು ನನಗೆ ದನಿಯೇ ಏಳಲಿಲ್ಲ.