ಘಟ್ಟ ಹತ್ತಿದ ಕಪ್ಪೆಚಿಪ್ಪು

ಸಮುದ್ರದ ಜೀವವನ್ನು ಮೂಡಿಗೆರೆಗೆ ಹೊತ್ತು ತಂದರೆ ಪಜೀತಿ ಆಗದೆ ಇನ್ನೇನಾಗುತ್ತದೆ! ನಾನು ಅಲ್ಲಿನ ಕಾಫಿ ಎಸ್ಟೇಟಿನ ರೈಟರ, ಅಂದರೆ ಲೆಕ್ಕ ಬರೆಯುವವರ, ಮಗಳು. ತೊಂಬತ್ತರ ದಶಕದಲ್ಲಿ ಕರಾವಳಿಯ ಕಾಲೇಜೊಂದರಲ್ಲಿ ಕಪ್ಪೆಚಿಪ್ಪಿನ ಕೃಷಿಯ ಮೇಲೆ ಸಂಶೋಧನೆ ಮಾಡುತ್ತಿದ್ದೆ. ನದಿ ಸಮುದ್ರ ಸೇರುವ ಅಳಿವೆಯ ನೀರಿನಲ್ಲಿ ಹಗ್ಗಕ್ಕೆ ಕಟ್ಟಿ ಬೆಳೆಸುವುದೇನೋ ಆಯಿತು. ದೂರದ ಊರುಗಳಿಗೆ ಜೀವಂತ ತಲುಪಿಸುವುದು ಹೇಗೆ? ಒದ್ದೆ ಗೋಣಿಚೀಲದಲ್ಲಿ, ತಂಪು ಜಾಗದಲ್ಲಿಟ್ಟರೆ ಐದು ದಿನ ಬದುಕುತ್ತವೆ ಎಂದು ನನ್ನ ವಾದ. ಗೈಡ್ ನಂಬಲಿಲ್ಲ. ತಂಪಿಗೂ ಗೋಣಿಗೂ ನಮ್ಮ ತೋಟದಲ್ಲಿ ಬರವಿಲ್ಲ, ನಾನೂ ಹಿಡಿದ ಹಟ ಬಿಡುವವಳಲ್ಲ.

೧. ಅರ್ಧ ಟಿಕೆಟ್

ಚಾರ್ಮಾಡಿ ಘಾಟಿ ಹತ್ತುವ ಬಸ್ಸಿನಲ್ಲಿ, ನೀರು ತೊಟ್ಟಿಕ್ಕುವ ಚೀಲ ಕಂಡು ಕಂಡಕ್ಟರು ಕೇಳಿದರು, "ಏನಮ್ಮಾ ಇದು? ಜೀವ ಇರೋದಾ?"

"ಇದೆ," ಎಂದೆ ಜಂಬದಿಂದ. ನನ್ನ ಸಂಶೋಧನೆಯೇ ಅದಲ್ಲವೇ!

"ಹಂಗಾದ್ರೆ ಕೋಳಿ ಲೆಕ್ಕ. ತಲೆಗೆ ಅರ್ಧ ಟಿಕೆಟ್."

ಚೀಲದಲ್ಲಿ ಇದ್ದದ್ದು ಇನ್ನೂರಕ್ಕೂ ಹೆಚ್ಚು. "ಇವಕ್ಕೆ ತಲೆಯೇ ಇರಲ್ಲ ಸಾರ್, ಬೇಕಾದ್ರೆ ಪುಸ್ತಕ ತೋರಿಸ್ತೀನಿ!"

ಕಂಡಕ್ಟರು ಟಿಕೆಟ್ ಕಟ್ಟು ತೆಗೆದರು. "ತಲೆ ಇಲ್ದೋರು ದಿನಾ ಹತ್ತುತ್ತಾರೆ ಮಾರಾಯ್ರೆ. ಅವ್ರಿಗೂ ಟಿಕೆಟ್ ಹರೀತೀನಿ."

ಕೊನೆಗೆ ಲಗೇಜೆಂದು ಒಪ್ಪಿಸುವಷ್ಟರಲ್ಲಿ ಕೊಟ್ಟಿಗೆಹಾರ ಬಂದಿತ್ತು.

೨. ಅಮ್ಮನ ಕರುಣೆ

ಮೊದಲ ಚೀಲವನ್ನು ಬಚ್ಚಲಮನೆಯ ತಣ್ಣನೆ ಮೂಲೆಯಲ್ಲಿಟ್ಟೆ. ಮರುದಿನ ನೋಡಿದರೆ ಚೀಲ ಉರಿಯುವ ಒಲೆಯ ಪಕ್ಕದಲ್ಲಿದೆ, ಒಳಗಿದ್ದವೆಲ್ಲ ಬೆಂದು ಬಾಯಿ ಬಿಟ್ಟಿವೆ.

"ಸೆಕೆ ಊರಿನವು, ನಮ್ಮ ಚಳಿ ತಡೀತಾವಾ ಪಾಪ ಅಂತ ನಾನೇ ಎಳೆದಿಟ್ಟೆ," ಎಂದರು ಅಮ್ಮ.

ನನಗೆ ಅಳು ಬಂತು. ಗೈಡ್‌ಗೆ ಫೋನ್ ಮಾಡಿದರೆ ಅವರು ಹೇಳಿದ್ದು ಇಷ್ಟೇ: "ಬದುಕಿಸೋದು ನಮ್ಮ ಕೆಲಸ, ಬೇಯಿಸೋದು ಹೋಟೆಲಿನವರದು. ಇನ್ನೊಂದೇ ಅವಕಾಶ. ಅದೂ ಕೆಟ್ಟರೆ ಈ ವಿಷಯ ಕೈಬಿಡಿ."

ಅಮ್ಮ ಮಾತ್ರ ಮಧ್ಯಾಹ್ನ ಕೇಳಿದರು, "ಹೇಗೂ ಬೆಂದಿದ್ದಾವಲ್ಲ, ಒಗ್ಗರಣೆ ಹಾಕ್ಲಾ?"

೩. ಬಾಗಿಲು ತಟ್ಟುವುದು

ಮತ್ತೆ ಕರಾವಳಿಗೆ ಹೋಗಿ ತಂದ ಎರಡನೇ ಚೀಲವನ್ನು ಅಮ್ಮನ ಕೈಗೆ ಸಿಗದಂತೆ ಕಾಫಿ ಗೋಡೌನಿನಲ್ಲಿಟ್ಟೆ. ದಿನಾ ಬೆಳಿಗ್ಗೆ, ಬಾಯಿ ತೆರೆದವನ್ನು ಚಮಚದಿಂದ ತಟ್ಟುತ್ತಿದ್ದೆ. ತಟ್ಟಿದೊಡನೆ ಮುಚ್ಚಿಕೊಂಡರೆ ಬದುಕಿದೆ, ಇಲ್ಲದಿದ್ದರೆ ಸತ್ತಿದೆ.

ಅಪ್ಪ ಬಾಗಿಲಲ್ಲಿ ನಿಂತು ನೋಡಿದರು. "ತಟ್ಟಿದ್ರೆ ಬಾಗಿಲು ತೆಗೆಯೋರನ್ನ ನೋಡಿದ್ದೆ. ತಟ್ಟಿದ ಕೂಡ್ಲೆ ಹಾಕ್ಕೊಳ್ಳೋರನ್ನ ಇದೇ ಮೊದ್ಲು ನೋಡಿದ್ದು ಮಾರಾಯ್ತಿ!"

ಹಿಂದಿನಿಂದ ಅಮ್ಮ ಹೇಳಿದರು, "ಯಾಕೆ, ಎಲೆಕ್ಷನ್ ಟೈಮಲ್ಲಿ ವೋಟು ಕೇಳೋರು ಬಂದ್ರೆ ನೀವು ಮಾಡೋದೇನು?"

೪. ಕಣದಲ್ಲಿ

ಐದನೇ ದಿನ ಗೈಡ್ ಸ್ವತಃ ಪರೀಕ್ಷಿಸಲು ಬಂದರು. ಮೂಡಿಗೆರೆ ಬಸ್‌ಸ್ಟ್ಯಾಂಡಿನಿಂದ ಜೀಪಿನಲ್ಲಿ ಕರೆತಂದೆ. ತೋಟಕ್ಕೆ ಬಂದು ಇಳಿದು ನೋಡಿದರೆ, ಕಾಫಿ ಒಣಗಿಸುವ ಕಣದಲ್ಲಿ, ಸಿಪ್ಪೆ ಬಿಡಿಸಿ ತೊಳೆದ ಪಾರ್ಚ್‌ಮೆಂಟ್ ಕಾಫಿಯ ಪಕ್ಕದಲ್ಲೇ, ನನ್ನ ಕಪ್ಪೆಚಿಪ್ಪುಗಳನ್ನು ಒಪ್ಪವಾಗಿ ಹರಡಲಾಗಿತ್ತು! ನಮ್ಮ ವಯಸ್ಸಾದ ಮೇಸ್ತ್ರಿ ಮರದ ಹಲಗೆಯಿಂದ ಅವನ್ನು ತಿರುವಿ ಹಾಕುತ್ತಿದ್ದರು.

"ಮೇಸ್ತ್ರಿಗಳೇ, ಏನು ಮಾಡಿದ್ರಿ!" ಎಂದು ಕಿರುಚಿದೆ.

"ಒದ್ದೆ ಚೀಲ ಗೋಡೌನಲ್ಲಿ ಇಡೋದಾ ಅಮ್ಮಾ? ಬೂಸ್ಟು ಹಿಡಿಯಲ್ವಾ? ಎರಡು ಗಂಟೆಯಿಂದ ತಿರುವ್ತಾ ಇದೀನಿ."

ಎರಡು ವರ್ಷದ ಕೆಲಸ ಬಿಸಿಲಿಗೆ ಹೋಯಿತೆಂದುಕೊಂಡೆ. ಆದರೂ ಸೋಲೊಪ್ಪಲು ಮನಸ್ಸಿಲ್ಲ. ಚೀಲದ ಜೊತೆಗೇ ಕ್ಯಾನಿನಲ್ಲಿ ತಂದಿದ್ದ ಸಮುದ್ರದ ನೀರನ್ನು ಟಬ್ಬಿಗೆ ಸುರಿದು, ಎಲ್ಲವನ್ನೂ ಅದರಲ್ಲಿ ಹಾಕಿ ಪಕ್ಕದಲ್ಲೇ ಕುಳಿತೆ. ಬಹಳ ಹೊತ್ತಿನ ಮೇಲೆ ಒಂದು ಮೆಲ್ಲಗೆ ಬಾಯಿ ತೆರೆಯಿತು. ತಟ್ಟಿದೆ, ಟಪ್ಪನೆ ಮುಚ್ಚಿಕೊಂಡಿತು! ಆಮೇಲೆ ಇನ್ನೊಂದು, ಮತ್ತೊಂದು. ಸತ್ತವು ಬೆರಳೆಣಿಕೆಯಷ್ಟೆ.

ಗೈಡ್ ನಕ್ಕುಬಿಟ್ಟರು. "ಸಮುದ್ರದಲ್ಲಿ ಇಳಿತ ಬಂದಾಗಲೆಲ್ಲ ಬಂಡೆ ಮೇಲೆ ಬಿಸಿಲು ಕಾಯೋ ಜಾತಿ ಇದು. ನಿಮ್ಮೂರಿನ ಬಿಸಿಲಿಗೆ ಹೆದರುತ್ತಾ? ಗೆದ್ದಿರಮ್ಮಾ!" ನಾನು ಅಲ್ಲೇ ಕುಳಿತು ಅತ್ತೆ, ಈ ಸಲ ಖುಷಿಗೆ.

ಆಮೇಲೆ ಅವರು ನೋಟ್‌ಬುಕ್ ತೆಗೆದು ಮೇಸ್ತ್ರಿಯನ್ನು ಗಂಭೀರವಾಗಿ ಕೇಳಿದರು, "ಇನ್ನೂ ಎಷ್ಟು ಹೊತ್ತು ಒಣಗಿಸಬೇಕು ಅಂತಿದ್ರಿ?"

"ಮುಗಿದಿತ್ತು ಸಾರ್, ಚೀಲಕ್ಕೆ ತುಂಬೋದಷ್ಟೇ ಬಾಕಿ. ಕಾಫಿ ಒಣಗಿ ಗಟ್ಟಿ ಆಗಿದ್ಯಾ ಅಂತ ಹಲ್ಲಲ್ಲಿ ಕಚ್ಚಿ ನೋಡ್ತೀವಲ್ಲ, ಇದನ್ನೂ ಕಚ್ಚಿದೆ." ಮೇಸ್ತ್ರಿ ಜೇಬಿನಿಂದ ಮುರಿದ ತಮ್ಮದೇ ಒಂದು ಹಲ್ಲು ತೆಗೆದು ಹೆಮ್ಮೆಯಿಂದ ತೋರಿಸಿದರು. "ನಲವತ್ತು ವರ್ಷದ ಸರ್ವೀಸಲ್ಲಿ ಇಷ್ಟು ಚೆನ್ನಾಗಿ ಒಣಗಿದ್ದು ಇದೇ ಮೊದ್ಲು ಸಾರ್!"