ದಿನಕ್ಕೆ ಹನ್ನೆರಡರಂತೆ ಏರಿದ ಪರಾಗ

ಕಣ್ಣಿಗೆ ಕಾಣದ ಪುಡಿಯನ್ನು ಎಣಿಸುವ ಕೆಲಸ ಹಗೆಯವನಿಗೂ ಬೇಡ ಎಂದು ಪುಡಿರಾಯ ಆಗಾಗ ಹಲುಬುತ್ತಿದ್ದ. (ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು, ಅದು ಸಂಬಳದ ಚೀಟಿಯ ಮೇಲೆ ಮಾತ್ರ ಉಳಿದಿತ್ತು.) ಕಡಲಂಚಿನ ಹವಾಮಾನ ಕಚೇರಿಯ ತಾರಸಿಯಲ್ಲಿ ಗಾಳಿ ಹೀರುವ ಒಂದು ಡಬ್ಬಿ, ಅದರೊಳಗೆ ಅಂಟು ಸವರಿದ ಗಾಜಿನ ಪಟ್ಟಿ. ಬೆಳಿಗ್ಗೆ ಏಳಕ್ಕೆ ರೇಡಿಯೊದಲ್ಲಿ ಆ ದಿನದ ಪರಾಗದ ಮುನ್ಸೂಚನೆ ಓದಬೇಕು. ಮಧ್ಯಾಹ್ನ ಆ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಗಾಳಿಮರದ್ದಿಷ್ಟು, ಹುಲ್ಲಿನದ್ದಿಷ್ಟು ಎಂದು ಕಣ ಎಣಿಸಿ, ಹೇಳಿದ್ದು ನಿಜವಾಯಿತೋ ಸುಳ್ಳಾಯಿತೋ ಎಂದು ಬರೆದಿಡಬೇಕು. ಸಾಮಾನ್ಯವಾಗಿ ಸುಳ್ಳಾಗುತ್ತಿತ್ತು. ಆದರೂ ಉಬ್ಬಸದವರೂ ಮೂಗು ಸೋರುವವರೂ ಅವನ ಬಾಯಿ ನೋಡಿಕೊಂಡೇ ಬಟ್ಟೆ ಒಣಹಾಕುತ್ತಿದ್ದರು.

ಒಂದು ಸೋಮವಾರ ಸಂಜೆ ಅವನು ಮನೆಗೆ ಬಂದಾಗ, ದಿನವಿಡೀ ಮಸೂರದೊಳಗೆ ಇಣುಕಿದ ಕಣ್ಣು ಮಂಜುಮಂಜಾಗಿತ್ತು. ನಡುಕೋಣೆಯಲ್ಲಿ ದೀಪ ಹಾಕಿರಲಿಲ್ಲ. ಎತ್ತರ ಬೆನ್ನಿನ ಕುರ್ಚಿಯಲ್ಲಿ ಹೆಂಡತಿ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಹಿಂದಿನಿಂದ ಕಾಣುತ್ತಿದ್ದುದು ತುರುಬೊಂದೇ. ಗಾಜಿನಾಚೆ ಹಳದಿ ಬೆಳಕು. ಗಾಳಿಮರಗಳು ಉಸಿರು ಬಿಗಿಹಿಡಿದಂತೆ ನಿಂತಿದ್ದವು.

"ಕಾಫಿ ಇದೆಯೇನೇ?"

ಕುರ್ಚಿಯ ಕಡೆಯಿಂದ, ಅವಳದೇ ಅಲ್ಲವೆನ್ನುವಂಥ ತಣ್ಣನೆಯ ದನಿ ಬಂತು: "ನಾಳೆ ನೂರ ಎಂಬತ್ತಾಗಬೇಕು."

ಮಂಗಳವಾರ ಅವನು ರೇಡಿಯೊದಲ್ಲಿ 'ಐವತ್ತರೊಳಗೆ' ಎಂದ. ಮಧ್ಯಾಹ್ನ ಎಣಿಸಿದರೆ ನೂರ ಎಂಬತ್ತು. ಮತ್ತೆ ಎಣಿಸಿದ. ನೂರ ಎಂಬತ್ತು. ಆ ಸಂಜೆ ಅದೇ ಕುರ್ಚಿ, ಅದೇ ತುರುಬು. "ನಾಳೆ ನೂರ ತೊಂಬತ್ತೆರಡು." ಬುಧವಾರ ಪಟ್ಟಿಯ ಮೇಲೆ ನೂರ ತೊಂಬತ್ತೆರಡು ಕಣ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಗುರುವಾರದಿಂದ ಅವನು ತನ್ನ ಲೆಕ್ಕಾಚಾರವನ್ನು ಕಟ್ಟಿಟ್ಟು, ಹೆಂಡತಿಯ ಅಂಕಿಯನ್ನೇ, ಕಿಟಕಿ ಮುಚ್ಚಿ ಎಂಬ ಎಚ್ಚರಿಕೆಯ ಜೊತೆ, ಊರಿಗೆ ಓದತೊಡಗಿದ. ಇನ್ನೂರ ನಾಲ್ಕು. ಇನ್ನೂರ ಹದಿನಾರು.

"ಕಣಿ ಹೇಳಿದ ಹಾಗೆ ಹೇಳ್ತೀರಲ್ಲ ರಾಯರೇ!" ಎಂದ ಔಷಧಿ ಅಂಗಡಿಯವನು, ಬಾಗಿಲನ್ನು ಗೇಣಗಲ ಮಾತ್ರ ತೆರೆದು. ಅಷ್ಟರಲ್ಲಿ ಊರು ಮುಚ್ಚಿಕೊಂಡಿತ್ತು. ಹಾಡಹಗಲಲ್ಲೇ ಬೀದಿ ನಿರ್ಜನ. ಕಿಟಕಿಗಳ ಸಂದಿಗೆಲ್ಲ ಒದ್ದೆ ಬಟ್ಟೆ. ಶಾಲೆಯ ಅಂಗಳದಲ್ಲಿ ಮಕ್ಕಳಿಲ್ಲದ ಉಯ್ಯಾಲೆ ತನ್ನಷ್ಟಕ್ಕೆ ಕಿರ್ರೆನ್ನುತ್ತಿತ್ತು. ಪುಡಿರಾಯನ ಹೆಜ್ಜೆ ಸದ್ದಿಗೆ ಒಂದು ಮುಚ್ಚಿದ ಮನೆಯೊಳಗಿಂದ ಸೀನು, ಅದಕ್ಕೆ ಉತ್ತರವೆಂಬಂತೆ ಎದುರು ಮನೆಯಿಂದ ಇನ್ನೊಂದು ಸೀನು. ಮುಖ ಮಾತ್ರ ಎಲ್ಲೂ ಇಲ್ಲ. ನಿಂತ ಕಾರೊಂದರ ಧೂಳುಗಾಜಿನ ಮೇಲೆ ಯಾರೋ ಬೆರಳಲ್ಲಿ ಅವತ್ತಿನ ಅಂಕಿಯನ್ನು ಗೀಚಿದ್ದರು.

ಆದರೆ ಅವನ ನಿಜವಾದ ಭಯ ಮನೆಯೊಳಗಿತ್ತು. ಊಟಕ್ಕೆ ಕೂತಾಗ ಧೈರ್ಯ ಮಾಡಿ ಕೇಳಿದ. "ಲೇ, ಮೈ ಹುಷಾರಾಗಿದೆ ತಾನೆ?"

"ಯಾಕೆ?"

"ಸಂಜೆ ಹೊತ್ತು ನಿನಗೆ... ಏನಾದ್ರೂ ಕೇಳಿಸುತ್ತಾ?"

"ಕೇಳಿಸುತ್ತೆ, ನೀವು ಕಾಫಿ ಸೊರ್ ಅಂತ ಹೀರೋದು. ಆ ಹೊತ್ತಲ್ಲಿ ನನ್ನ ಮಾತಾಡಿಸಬೇಡಿ. ಒಂದು ತಪ್ಪಿದ್ರೆ ಎಲ್ಲಾ ಬಿಚ್ಚಿಹೋಗುತ್ತೆ."

"ಏನು ಬಿಚ್ಚಿಹೋಗುತ್ತೆ?"

ಅವಳು ನಕ್ಕಳು. "ಮುಗಿದ ಮೇಲೆ ನಿಮಗೇ ಗೊತ್ತಾಗುತ್ತೆ."

"ಯಾರು ಮುಗಿದ ಮೇಲೆ?" ಎನ್ನುವ ಪ್ರಶ್ನೆಯನ್ನು ಅವನು ಅನ್ನದ ತುತ್ತಿನ ಜೊತೆ ನುಂಗಿಕೊಂಡ. ಅವತ್ತಿನಿಂದ ಅವನು ಮಂಚದ ತೀರಾ ಅಂಚಿನಲ್ಲಿ, ಒಂದು ಕಾಲು ನೆಲಕ್ಕೆ ತಾಗುವ ಹಾಗೆ ಮಲಗತೊಡಗಿದ.

ಒಂಬತ್ತನೆಯ ದಿನ ಅಂಕಿ ಇನ್ನೂರ ಎಪ್ಪತ್ತಾರಕ್ಕೆ ಬಂತು. ಅದರ ಹಿಂದೆಯೇ ಕೇಂದ್ರ ಕಚೇರಿಯಿಂದ ಮೇಲಧಿಕಾರಿಣಿಯೂ ಬಂದರು. ಮಾತು ಕಡಿಮೆ, ನೋಟ ಹೆಚ್ಚು.

"ದಿನಾ ಸರಿಯಾಗಿ ಹನ್ನೆರಡು ಏರಿದೆ. ಡಜನ್ ಲೆಕ್ಕದಲ್ಲಿ ಬರೋಕೆ ಪರಾಗ ಏನು ಮೊಟ್ಟೇನ್ರೀ?" ಎಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಬಹಳ ಹೊತ್ತಿನ ಮೇಲೆ ತಲೆಯೆತ್ತಿದರು. "ಇಪ್ಪತ್ತಮೂರು."

"ಇನ್ನೂರ ಇಪ್ಪತ್ತಮೂರಾ ಮೇಡಂ?"

"ಬರೀ ಇಪ್ಪತ್ತಮೂರು. ಮಿಕ್ಕಿದ್ದು ಧೂಳು, ಬೂಷ್ಟು, ಪತಂಗದ ರೆಕ್ಕೆ ಪುಡಿ. ಇದೋ, ಈ ದೊಡ್ಡದು ನಿಮ್ಮ ತಲೆಹೊಟ್ಟು."

ಹೆಂಡತಿ ಒಂದು ಅಂಕಿ ಹೇಳಿದ ಮೇಲೆ ಅದು ತುಂಬುವವರೆಗೆ ಎಣಿಸುವುದನ್ನು ನಿಲ್ಲಿಸಲು ಪುಡಿರಾಯನಿಗೆ ಧೈರ್ಯವೇ ಬಂದಿರಲಿಲ್ಲ. ಎಲ್ಲವನ್ನೂ ಒಪ್ಪಿಕೊಂಡ. ಮೇಲಧಿಕಾರಿಣಿ ಅವನ ಕೈಯಲ್ಲೇ ಮನೆಗೆ ಫೋನ್ ಮಾಡಿಸಿ, ಸ್ಪೀಕರ್ ಹಾಕಿಸಿದರು.

"ಲೇ, ನಾಳೆ ಎಷ್ಟಾಗುತ್ತೆ?"

"ಇನ್ನೂರ ಎಂಬತ್ತೆಂಟು," ಎಂದಿತು ಅದೇ ತಣ್ಣನೆಯ ದನಿ. ಮೇಲಧಿಕಾರಿಣಿಯ ಕೈಮೇಲಿನ ರೋಮವೂ ನಿಮಿರಿತು. "ನೂಲು ಸಾಲಿದ್ರೆ."

"ನೂಲಾ?"

"ಕದ್ದು ನೋಡಿಬಿಟ್ರಾ? ನಿಮ್ಮ ಹುಟ್ಟಿದಹಬ್ಬಕ್ಕೆ ಅಂತ ಗುಟ್ಟಾಗಿ ಮೇಜಿನ ಹಾಸು ಹೆಣೀತಿದ್ದೆ. ದುಂಡನೆಯ ಹಾಸು ಅಲ್ವಾ, ಒಂದೊಂದು ಸುತ್ತಿಗೂ ಹನ್ನೆರಡು ಕುಣಿಕೆ ಹೆಚ್ಚು. ದಿನಕ್ಕೊಂದು ಸುತ್ತು."

ಮೇಲಧಿಕಾರಿಣಿ ಫೋನ್ ಕಿತ್ತುಕೊಂಡು ಇಟ್ಟರು. "ಇದನ್ನ ರೇಡಿಯೊದಲ್ಲಿ ಹೇಳಿದ್ರೆ ಇಲಾಖೆ ಮಾನ ಉಳಿಯಲ್ಲ. ಈಗಲೇ ಹೊರಡಿ. ಮನೆಮನೆಗೂ ಹೋಗಿ ನೀವೇ ಕಿಟಕಿ ತೆಗೆಸಿ."

ಹೊರಟ. ಬಾಗಿಲು ಬಡಿದ, ಕೈ ಮುಗಿದ, ಬೈಸಿಕೊಂಡ. "ಬೆಳಿಗ್ಗೆ ಮುಚ್ಚಿ ಅಂದವರು ನೀವೇ, ಈಗ ತೆಗೀರಿ ಅನ್ನೋರೂ ನೀವೇ!" ಕಿಟಕಿಗಳು ಒಂದೊಂದಾಗಿ, ಒಲ್ಲದ ಮನಸ್ಸಿನಿಂದ, ನರಳುತ್ತಾ ತೆರೆದವು. ಕತ್ತಲೊಳಗಿಂದ ಬಿಳಿಚಿಕೊಂಡ ಮುಖಗಳು ಹೊರಬಂದು ಬೆಳಕಿಗೆ ಕಣ್ಣು ಕಿರಿದು ಮಾಡಿದವು. ಸೀನು ನಿಂತಿತು. ಕೊನೆಗೆ ತನ್ನ ಬೀದಿಯ ಕೊನೆಯ ಕಿಟಕಿಯನ್ನೂ ತೆಗೆಸಿ, ಸುಸ್ತಾಗಿ ತನ್ನ ಮನೆ ಬಾಗಿಲಿಗೆ ಬಂದರೆ ಒಳಗಿನಿಂದ ಚಿಲಕ.

"ತೆಗಿಯೇ, ನಾನು!"

"ಎಲ್ಲೆಲ್ಲಿ ಸುತ್ತಿ ಬಂದ್ರಿ?"

"ಊರೆಲ್ಲಾ."

"ಹಾಗಾದ್ರೆ ಒಳಗೆ ಬರೋ ಹಾಗಿಲ್ಲ. ಹೊರಗೆ ಓಡಾಡಿದವರು ಅಂಗಳದಲ್ಲೇ ಅಂಗಿ ಬಿಚ್ಚಿ, ತಲೆಗೆ ನೀರು ಹಾಕ್ಕೊಂಡೇ ಹೊಸಲು ದಾಟಬೇಕಂತೆ. ಬೆಳಿಗ್ಗೆ ರೇಡಿಯೊದಲ್ಲಿ ಹೇಳಿದ್ದಾರೆ."

"ಹೇಳಿದ್ದು ನಾನೇ ಕಣೇ!"

"ಅದಕ್ಕೇ ಕೇಳ್ತಿರೋದು. 'ಇಪ್ಪತ್ತೇಳು ವರ್ಷದಲ್ಲಿ ನನ್ನ ಒಂದು ಮಾತೂ ನೀನು ಕೇಳಿಲ್ಲ' ಅಂತಿದ್ರಲ್ಲ. ಬಕೆಟ್ಟು ನಲ್ಲಿಯ ಹತ್ರ ಇದೆ, ತುಂಬಿಸಿಟ್ಟಿದೀನಿ."

ಪುಡಿರಾಯ ಸುತ್ತ ನೋಡಿದ. ಬೀದಿಯ ಅಷ್ಟೂ ಕಿಟಕಿಗಳು ಹಾರುಹೊಡೆದಿದ್ದವು. ಒಂದೊಂದರಲ್ಲೂ ಎರಡೆರಡು ಮುಖ. ಬೇರೆ ದಾರಿಯಿರಲಿಲ್ಲ. ಅಂಗಿ ಬಿಚ್ಚಿ, ಕಣ್ಣು ಮುಚ್ಚಿ ಮೊದಲ ಚೊಂಬು ಸುರಿದುಕೊಂಡ.

"ಬೆನ್ನಿಗೂ ಹಾಕ್ಕೊಳ್ಳಿ ರಾಯರೇ," ಎಂದಳು ಎದುರುಮನೆಯ ಅಜ್ಜಿ, ಮೊಣಕೈಯನ್ನು ಆರಾಮವಾಗಿ ಕಿಟಕಿಗೆ ಊರಿ. "ಬೆನ್ನು ಇನ್ನೂ ಒಣಗೇ ಇದೆ!"